ಅಂಗೈ ಕಾವು

ಜೋಳದ ಹಿಟ್ಟಿಗೆ ಎಸರು ಹಾಕಿ ಕಲಸುತ್ತಿದ್ದ ಕಾಂತಾಳಿಗೆ ಪಡಸಾಲೆಯಿಂದ ಅಪ್ಪನ ದನಿ ಕೇಳಿಸಿತು.

"ಕಾಂತಾ, ಇದು ಬಿಟ್ಟ ಬಂತಲ್ಲವಾ."

"ಯಾವದಪ್ಪಾ?"

"ಕಲ್ಲು."

ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಬಂದಳು. ಚನ್ನಬಸಯ್ಯನವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಒಂದು ಕೈಯಲ್ಲಿ ಗೇಣುದ್ದದ ಬೀಟೆಯ ತುಂಡು, ಇನ್ನೊಂದು ಅಂಗೈಯ ನಡುವೆ ತೊಗರಿ ಕಾಳಿನಷ್ಟು ಕೆಂಪು ಗಾಜಿನ ಕಲ್ಲು. ನಲವತ್ತು ವರ್ಷ ಬೆಳಗಾವಿಯ ಕೋಟೆಯ ಹತ್ತಿರ ಪುಟ್ಟ ಅಂಗಡಿ ಇಟ್ಟುಕೊಂಡು ತಂಬೂರಿ, ಹಾರ್ಮೋನಿಯಂ ರಿಪೇರಿ ಮಾಡಿದ ಕೈಗಳು ಅವು. ಮರದಲ್ಲಿ ಕೂದಲೆಳೆಯಂಥ ಗೀರು ತೆಗೆದು, ಅದರೊಳಗೆ ಬೆಳ್ಳಿ, ಹಿತ್ತಾಳೆಯ ತಂತಿ ಕೂರಿಸಿ ಬಳ್ಳಿ ಹಬ್ಬಿಸಿದ ಕೈಗಳು. ಆರು ವರ್ಷದ ಹಿಂದೆ ಕಣ್ಣು ಮಂಜಾದಾಗ ಉಳಿ, ಸುತ್ತಿಗೆಗಳ ಪೆಟ್ಟಿಗೆ ಶಿವಬಸವ ನಗರದ ಮಗಳ ಮನೆಗೆ ಬಂತು. ಪೆಟ್ಟಿಗೆಯ ಹಿಂದೆಯೇ ಅವರೂ ಬಂದರು. ಈಗ ಕೆಲಸವೆಲ್ಲ ಕಾಂತಾಳದು. ಅವಳು ಮುಗಿಸಿದ್ದನ್ನು ಬೆರಳಲ್ಲಿ ತಡವಿ, ಎಲ್ಲಿ ತಂತಿ ಎದ್ದಿದೆ, ಎಲ್ಲಿ ಕೂತಿದೆ ಎಂದು ಹೇಳುವುದು ಅವರ ಪಾಲಿನ ಕೆಲಸ.

ಆ ಬೀಟೆಯ ತುಂಡು, ನಿಜವಾದ ಕೆಲಸಕ್ಕೆ ಕೈ ಹಾಕುವ ಮೊದಲು ಅವಳು ಮಾಡಿ ನೋಡಿದ್ದ ಮಾದರಿ.

"ಎಷ್ಟೊತ್ತ ಹಿಡಕೊಂಡಿದ್ದೆಪ್ಪಾ ಇದನ್ನ?"

"ಜಳಕಾ ಮಾಡಿ ಕುಂತಾಗಿಂದ. ಎರಡ ತಾಸ ಆಗಿರಬೇಕು. ಅರಗಿಗೆ ಮೇಣ ಎಷ್ಟ ಹಾಕಿದ್ದಿ?"

"ಜರಾ ಜಾಸ್ತಿನ. ಬಿರುಕ ಬಿಡಬಾರದಂತ."

"ಅದಕ್ಕ. ಅಂಗೈ ಕಾವಿಗೆ ಮೆತ್ತಗಾಗಿ ಕೈಗೇ ಬಂತು." ಚನ್ನಬಸಯ್ಯನವರು ನಕ್ಕರು. "ಇರಲಿ ಬಿಡು. ವೀಣಾದ ತಲಿ ಮ್ಯಾಲ ಯಾರು ಕೈ ಇಡತಾರ?"

ಕಾಂತಾಳಿಗೆ ನಗು ಬರಲಿಲ್ಲ. ಹಿಟ್ಟು ಮೆತ್ತಿದ ಬೆರಳುಗಳು ಒಣಗಿ ಬಿಗಿಯುತ್ತಿದ್ದವು. ಅವಳು ಕಲ್ಲನ್ನು ತಲೆಗೆ ಕೂರಿಸಿರಲಿಲ್ಲ.

ಎರಡು ತಿಂಗಳ ಹಿಂದೆ ಖಾನಾಪುರದ ಬಾಳಕೃಷ್ಣ ಮಾಸ್ತರರು ಬೆಳ್ಳಿಯ ಕೆಲಸ ಮಾಡಿಸಲೆಂದು ಹಳೆಯ ವೀಣೆಯೊಂದನ್ನು ಚಾದರದಲ್ಲಿ ಸುತ್ತಿಕೊಂಡು ಬಂದಿದ್ದರು. ವೀಣೆ ಎಂದರೆ ಕಚೇರಿಯಲ್ಲಿ ಕೂತು ನುಡಿಸುವ ವೀಣೆಯಲ್ಲ. ವಿಠ್ಠಲನ ಭಜನೆಯವರು ಕೊರಳಿಗೆ ತೂಗುಹಾಕಿಕೊಂಡು, ನಿಂತು ಮೀಟುವ, ತಂಬೂರಿಯ ತಂಗಿಯಂಥದ್ದು. ಅವರ ಗಲ್ಲಿಯ ಗುಡಿಯಲ್ಲಿ ಪ್ರತಿ ವರ್ಷ ರಾಮನವಮಿಯ ಹೊತ್ತಿಗೆ ಸಪ್ತಾಹ. ಏಳು ಹಗಲು ಏಳು ರಾತ್ರಿ ನಾಮ ನಿಲ್ಲುವಂತಿಲ್ಲ, ವೀಣೆ ನೆಲ ಮುಟ್ಟುವಂತಿಲ್ಲ. ಎರಡೆರಡು ತಾಸಿನ ಪಾಳಿ. ಒಬ್ಬರ ಕೊರಳಿನಿಂದ ಇನ್ನೊಬ್ಬರ ಕೊರಳಿಗೆ ಹೋಗುವಾಗಲೂ ತಂತಿ ನುಡಿಯುತ್ತಲೇ ಇರಬೇಕು. ವೀಣೆ ಕೊರಳಲ್ಲಿ ಇರುವಷ್ಟು ಹೊತ್ತು ನಾಮ ಬಿಟ್ಟು ಬೇರೆ ಮಾತು ಬಾಯಿಗೆ ಬರಬಾರದು.

ಮಾಸ್ತರರ ಜೊತೆ ಎಪ್ಪತ್ತೈದು ದಾಟಿದ ಭರಮವ್ವ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ಕೆಂಪು ಕಲ್ಲು ತೆಗೆದು ಕಾಂತಾಳ ಅಂಗೈಯಲ್ಲಿಟ್ಟಿದ್ದಳು.

"ನನ್ನ ಲಗ್ನದಾಗ ನಮ್ಮವ್ವ ಕೊಟ್ಟ ನತ್ತಿನ ಕೆಂಪು ಇದು. ಮುತ್ತೆಲ್ಲಾ ಉದರಿ ಹೋದೂವು, ಇದೊಂದ ಉಳದೈತಿ. ನನಗ ಮಕ್ಕಳಿಲ್ಲ, ಯಾರ ಮೂಗಿಗಿಡ್ಲಿ? ವಿಠ್ಠಲನ ವೀಣಾದ ತಲಿಗೆ ಕುಂದರಿಸಿ ಕೊಡವಾ. ಮ್ಯಾಲ ಇರಲಿ, ಹಾಂ? ಮ್ಯಾಲ."

ಮೇಲೆ ಎಂದು ಎರಡು ಸಲ ಹೇಳಿದ್ದಳು. ಕಾಂತಾ ಹೂಂ ಎಂದಿದ್ದಳು. ಆಮೇಲೆ ವೀಣೆಯ ದಂಡಿಯ ಮೇಲೆ ತುಳಸಿ ಎಲೆಯ ಬಳ್ಳಿ ಬರೆದು, ಬೆಳ್ಳಿಯ ತಂತಿ ಕೂರಿಸುತ್ತ ಕೂರಿಸುತ್ತ, ಆ ಬಳ್ಳಿ ಎದೆಯ ಎತ್ತರಕ್ಕೆ ಬಂದು ಒಂದು ಸುತ್ತು ಸುತ್ತಿ ನಿಂತಾಗ, ಕಲ್ಲು ಇಲ್ಲಿರಬೇಕು ಅನ್ನಿಸಿಬಿಟ್ಟಿತು. ತಲೆಯ ಮೇಲಿಟ್ಟರೆ ಯಾರ ಕಣ್ಣಿಗೆ ಬಿದ್ದೀತು? ಇಲ್ಲಿದ್ದರೆ ವೀಣೆ ಹಿಡಿದವರ ಕಾಲು ಮುಟ್ಟಲು ಬಾಗಿದವರೆಲ್ಲ ನೋಡುತ್ತಾರೆ. ಯಾರು ಮಾಡಿದ್ದು ಎಂದು ಕೇಳುತ್ತಾರೆ. ಗುಳಿ ತೋಡಿ, ಬಿಸಿ ಅರಗು ತುಂಬಿ, ಕಲ್ಲನ್ನು ಒತ್ತಿದ್ದಳು. ವೀಣೆಯನ್ನು ಮೆತ್ತೆಯ ಮೇಲೆ ಮಲಗಿಸಿ, ತಂತಿ ಮೀಟಿ, ಮರಕ್ಕೆ ಕಿವಿಯಿಟ್ಟು ಎಲ್ಲೂ ಝುಂಯ್ ಎನ್ನುವುದಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದಳು. ತಂಬೂರಿಗೆ ಅಷ್ಟು ಸಾಕು. ಹಾಡುವವರು ಅರ್ಧ ತಾಸಿಗೊಮ್ಮೆ ಅದನ್ನು ಕೆಳಗಿಡುತ್ತಾರೆ. ಎಂದೂ ಕೆಳಗಿಡದ ವಾದ್ಯವನ್ನು ಅವಳು ಮಾಡಿದ್ದು ಇದೇ ಮೊದಲು. ವೀಣೆ ಹಿಡಿದವರ ಎಡಗೈ ಸರಿಯಾಗಿ ಎಲ್ಲಿ ಬರುತ್ತದೆ ಎಂಬುದು ಹೊಳೆದೇ ಇರಲಿಲ್ಲ.

ಗಡಿಯಾರ ನೋಡಿದಳು. ಹನ್ನೊಂದು. ನಿನ್ನೆ ಸಂಜೆಯಷ್ಟೇ ಮಾಸ್ತರರು ವೀಣೆ ಒಯ್ದಿದ್ದರು. ಸಪ್ತಾಹ ಇವತ್ತು ಬೆಳಗ್ಗೆ ಆರಕ್ಕೆ ಶುರುವಾಗಿದೆ. ಎರಡು ತಾಸಿಗೆ ಅಪ್ಪನ ಕೈಗೆ ಬಂದ ಕಲ್ಲು, ಐದು ತಾಸಿಗೆ?

ಮಾಸ್ತರರಿಗೆ ಫೋನು ಹಚ್ಚಿದಳು. ರಿಂಗಾಗಿ ಆಗಿ ನಿಂತಿತು. ಮತ್ತೆ ಹಚ್ಚಿದಳು. ಭರಮವ್ವನ ಹತ್ತಿರ ಫೋನೇ ಇಲ್ಲ. ನೂರು ಕಾಲು ಓಡಾಡುವ ಗುಡಿ. ಹೂವು, ಬುಕ್ಕಿಟ್ಟು, ಕುರಮುರಿ ಚೆಲ್ಲಿದ ನೆಲ. ಅಲ್ಲಿ ತೊಗರಿ ಕಾಳಿನಷ್ಟು ಕಲ್ಲು ಬಿದ್ದರೆ ಸಂಜೆಗೆ ಕಸಬರಿಗೆಯ ಬಾಯಿಗೆ.

"ಅಪ್ಪಾ, ನಾ ಅದನ್ನ ತಲಿಗಿಟ್ಟಿಲ್ಲ. ದಂಡಿಗಿಟ್ಟೀನಿ. ಕೈ ಹಿಡಿಯೂ ಜಾಗಾದಾಗ."

ಚನ್ನಬಸಯ್ಯನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತು ಮಾದರಿಯ ಗುಳಿಯಲ್ಲಿ ಬೆರಳಾಡಿಸಿದರು. ಆಮೇಲೆ, "ಅರಗಿನ ಮಾತ ಬಿಟ್ಟಬಿಡು. ಬೆಳ್ಳಿ ಕಟ್ಟ ಹಾಕು. ಉಂಗುರಕ್ಕ ಹಾಕತಾರಲ್ಲ, ಹಂಗ. ಬುಡಕ್ಕ ನಾಲ್ಕ ಹಲ್ಲ ಮಾಡು, ಅವು ಮರದಾಗ ಕಚ್ಚಲಿ. ಮ್ಯಾಲಿನ ಅಂಚ ಕಲ್ಲಿನ ಮ್ಯಾಲ ಮಲಗಸು. ಸುತ್ತಿಗಿ ಮುಟ್ಟಬ್ಯಾಡ, ಉಕ್ಕಿನ ಕಡ್ಡೀಲೆ ತಿಕ್ಕು," ಎಂದರು.

ಬೆಳ್ಳಿಯ ಪಟ್ಟಿ ಕತ್ತರಿಸಿ, ಭರಮವ್ವನ ಕೆಂಪಿನ ಅಳತೆಗೇ ಆರಿಸಿದ್ದ ಆ ಗಾಜಿನ ಕಲ್ಲಿಗೆ ಸುತ್ತಿ ಅಳತೆ ಹಿಡಿದಳು. ಮೊದಲನೆಯದು ಮುರಿಯಿತು. ಎರಡನೆಯದರ ಹಲ್ಲು ಸೊಟ್ಟವಾದವು. ಒಲೆಯ ಮೇಲೆ ಬೇಳೆ ಉಕ್ಕಿ ಹರಿಯಿತು. ಮೂರನೆಯ ಕಟ್ಟು ಕೂತಾಗ ಹನ್ನೆರಡಕ್ಕೆ ಕಾಲು ತಾಸಿತ್ತು. ರೊಟ್ಟಿ ಬಡಿಯುವ ಮಾತೇ ಇಲ್ಲ. ಬೆಳಗಿನ ಉಪ್ಪಿಟ್ಟು ಮುಚ್ಚಿಟ್ಟು ಅಪ್ಪನ ಕೈಯನ್ನು ಪಾತ್ರೆಗೆ ಮುಟ್ಟಿಸಿ ತೋರಿಸಿದಳು. ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಕೆಲಸದಲ್ಲಿದ್ದ ಗಂಡ ವಿನಯನಿಗೆ ರಸ್ತೆಯಲ್ಲಿ ನಡೆಯುತ್ತಲೇ ಮಗಳ ಸಲುವಾಗಿ ಫೋನು ಮಾಡಿದಳು.

"ಸಪ್ನಾಂದ ಪರೀಕ್ಷಾ ಒಂದಕ್ಕ ಮುಗೀತೈತ್ರಿ. ನೀವ ಕರಕೊಂಡ ಬರ್ರಿ."

"ನಾನs? ನೀ ಎಲ್ಲಿ ಹೊಂಟಿ?"

"ಖಾನಾಪುರಕ್ಕ. ಕಲ್ಲ ಬಿದ್ದೈತಿ."

"ಯಾರ ಮ್ಯಾಲ?"

"ನನ್ನ ಮ್ಯಾಲ ಅಂತ ತಿಳೀರಿ," ಎಂದು ಫೋನಿಟ್ಟಳು.

ಬಸ್ಸು ಪೀರನವಾಡಿಯಲ್ಲಿ ನಿಂತಿತು, ದೇಸೂರಲ್ಲಿ ನಿಂತಿತು, ಯಾರೋ ಕೈ ಮಾಡಿದಲ್ಲೆಲ್ಲ ನಿಂತಿತು. ಕಂಡಕ್ಟರು ಆಧಾರ್ ಕಾರ್ಡು ಕೇಳಿದರೆ ಅವಳು ಚೀಲದಿಂದ ಮೊದಲು ಉಳಿ ತೆಗೆದಳು, ಆಮೇಲೆ ಚಿಮಟ. "ಅಕ್ಕಾರ, ಕಾರ್ಡ ಕೇಳಿದ್ನಿ, ಜಗಳಾ ತಗದಿಲ್ಲ," ಎಂದ ಅವನು. ಬಾಜೂ ಕೂತವಳು ಕಿಸಕ್ಕೆಂದಳು. ಕಾಂತಾಳಿಗೆ ಒಂದೂ ಕಿವಿಗಿಳಿಯಲಿಲ್ಲ. ತೊಡೆಯ ಮೇಲಿಟ್ಟ ಅಂಗೈಯನ್ನು ಮುಚ್ಚುತ್ತಿದ್ದಳು, ತೆರೆಯುತ್ತಿದ್ದಳು. ಎಷ್ಟು ಬಿಸಿ ಇದೆ ಇದು! ಮಗಳಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡುವ ಕೈ, ಹಿಟ್ಟಿನ ಹದ ನೋಡುವ ಕೈ, ತನ್ನ ಕಾವು ತನಗೆ ಗೊತ್ತಿಲ್ಲದೆ ಇಷ್ಟು ವರ್ಷ ಕಳೆದಿದೆ. ಗಣೇಬೈಲ ದಾಟುವಾಗ ಇನ್ನೊಮ್ಮೆ ಮಾಸ್ತರರಿಗೆ ಫೋನು ಹಚ್ಚಿದಳು. ಎತ್ತಲಿಲ್ಲ.

ಖಾನಾಪುರದಲ್ಲಿ ಇಳಿದು ಓಡಿದಂತೆ ನಡೆದಳು. ಗುಡಿಯ ಗಲ್ಲಿ ಸಿಗುವ ಮೊದಲೇ ನಾಮ ಕೇಳಿಸಿತು. ಅದರ ಜೊತೆಗೇ ಬಾಗಿಲಲ್ಲಿ ಗೊಣಗಾಟ.

"ಎಂಟಕ್ಕ ನನ್ನ ಪಾಳಿ ಇತ್ತು," ಎಂದು ಲಕ್ಷ್ಮಣನೆಂಬ ನಡುವಯಸ್ಸಿನವನು ಎಲ್ಲರಿಗೂ ಹೇಳುತ್ತಿದ್ದ. "ಒಂದ ಹೊಡೀತು. ಕೈ ಚಾಚಿದ್ರ ತಲಿ ಅಲ್ಲಾಡಸ್ತಾರ. ರಿಟೈರ ಆದ್ರೂ ಮಾಸ್ತರಕಿ ಹೋಗಿಲ್ಲ ನೋಡ್ರಿ."

"ಹೊಸಾ ಬೆಳ್ಳಿ ಬಳ್ಳಿ ಮಾಡಿಸ್ಯಾರಲ್ಲ," ಎಂದಳೊಬ್ಬಳು. "ಬಿಡಾಕ ಜೀವ ಆಗವಲ್ದು."

"ಏಳೂ ದಿವಸ ಅವರs ನಿಲ್ಲಲಿ. ನಾವು ಊಟಕ್ಕ ಬರೂಣು."

ನಕ್ಕರು. ಕಾಂತಾ ಅವರ ನಡುವೆ ನುಸುಳಿ ಒಳಗೆ ಹೋದಳು. ಗರ್ಭಗುಡಿಯ ಎದುರು ಬಾಳಕೃಷ್ಣ ಮಾಸ್ತರರು ನಿಂತಿದ್ದರು. ಬೆಳಗ್ಗೆ ಆರರಿಂದ ನಿಂತ ಕಾಲು ಬಾತು ಪಾಯಿಜಾಮೆಯ ಅಂಚು ಬಿಗಿದಿತ್ತು. ಬಲಗೈ ತಂತಿ ಮೀಟುತ್ತಿತ್ತು. ಎಡಗೈ ದಂಡಿಯನ್ನು, ತುಳಸಿಯ ಬಳ್ಳಿ ಸುತ್ತು ಹಾಕಿದ ಜಾಗದಲ್ಲೇ, ಐದೂ ಬೆರಳು ಬಿಗಿದು ಹಿಡಿದಿತ್ತು. ನಾಮಕ್ಕೆ ತೂಗುವ ಮೈಯಲ್ಲಿ ಅದೊಂದು ಕೈ ಮಾತ್ರ ಕಲ್ಲಿನಂತೆ ನಿಂತಿತ್ತು.

ಕಂಬಕ್ಕೆ ಒರಗಿ ಕೂತ ಭರಮವ್ವ ಕಾಂತಾಳನ್ನು ಕಂಡು ಸರಿದು ಜಾಗ ಮಾಡಿದಳು. "ಬಂದೀಯೇನವಾ? ಕುಂದರು. ಇವ್ರಿಗೇನಾಗೈತೋ ಏನೋ. ಮುಂಜಾನಿಂದ ಒಮ್ಮಿ ನನ್ನ ಮಾರಿ ನೋಡಿಲ್ಲ."

ಕಾಂತಾ ಕೂರಲಿಲ್ಲ. ಮಾಸ್ತರರ ಎದುರಿಗೆ ಹೋಗಿ ನಿಂತಳು. "ವಿಠ್ಠಲ, ವಿಠ್ಠಲ," ಎನ್ನುತ್ತಿದ್ದ ಅವರ ಕಣ್ಣು ಅವಳ ಮೇಲೆ ಬಿದ್ದು ಅಲ್ಲೇ ನಿಂತಿತು. ದನಿ ನಿಲ್ಲಲಿಲ್ಲ. ಆದರೆ ಕಣ್ಣಲ್ಲಿ ನೀರು ತುಂಬಿತು. ಎಡಗೈಯ ಒಂದು ಬೆರಳನ್ನು ಕೂದಲೆಳೆಯಷ್ಟು ಎತ್ತಿ, ತಟ್ಟನೆ ಮತ್ತೆ ಒತ್ತಿದರು.

ಅವಳಿಗೆ ಗೊತ್ತಾಯಿತು. ಕಲ್ಲು ಬಿಟ್ಟಿದೆ, ಅವರ ಅಂಗೈ ಕೆಳಗೇ ಇದೆ. ಕೈ ಎತ್ತಿದರೆ ಬೀಳುತ್ತದೆ. ಬಾಯಿ ಬಿಟ್ಟು ಹೇಳುವಂತಿಲ್ಲ, ಸನ್ನೆ ಮಾಡಲು ಬಿಡುವಿನ ಕೈ ಇಲ್ಲ, ತಲೆ ಅಲ್ಲಾಡಿಸಿದರೆ ಜನ ಬೇರೆಯೇ ಅರ್ಥ ಮಾಡಿಕೊಂಡಿದ್ದಾರೆ. ಭರಮವ್ವನ ಕಲ್ಲನ್ನು ಅಂಗೈಯಲ್ಲಿ ಅದುಮಿಕೊಂಡು, ಎಲ್ಲರ ಮಾತು ಕೇಳಿಸಿಕೊಳ್ಳುತ್ತ, ಅರವತ್ತೆಂಟರ ಮನುಷ್ಯ ನಿಂತೇ ಇದ್ದಾನೆ.

ತಾನು ಒಂದು ಬಳ್ಳಿಯ ಅಂದಕ್ಕೆ ಆಸೆ ಪಟ್ಟಿದ್ದಕ್ಕೆ.

ಭರಮವ್ವನ ಎದುರಿಗೆ ಮೊಣಕಾಲೂರಿದಳು. "ಅಜ್ಜಿ, ತಪ್ಪ ಮಾಡೀನಿ. ನೀವು ತಲಿಗಿಡು ಅಂದ್ರಿ, ನಾ ಮಂದಿ ಕಣ್ಣಿಗೆ ಬೀಳಲಿ ಅಂತ ದಂಡಿಗಿಟ್ಟೆ. ಕೈ ಕಾವಿಗೆ ಅರಗ ಬಿಟ್ಟೈತಿ. ಮಾಸ್ತರ್ರು ನಿಮ್ಮ ಕಲ್ಲ ಬೀಳಬಾರದಂತ ಕೈ ತಗೀದs ನಿಂತಾರ."

ಭರಮವ್ವನ ಕೈ ಬರಿದಾದ ಮೂಗಿನ ಹೊಳ್ಳೆಗೆ ಹೋಯಿತು.

"ಮ್ಯಾಲ ಅಂತ ಹೇಳಿದ್ನಿಲ್ಲ?"

"ಹೇಳಿದ್ರಿ."

"ಎರಡ ಸಲಾ ಹೇಳಿದ್ನಿಲ್ಲ?"

"ಹೌದ್ರಿ."

"ನಾ ಹಳ್ಳಿ ಮುದುಕಿ. ಶಹರದ ಮಂದಿಗೆ ನಮ್ಮ ಮಾತ ಎಲ್ಲಿ ಕೇಳಸ್ತೈತಿ," ಎಂದು ಅವಳು ಕಂಬ ಹಿಡಿದು ಎದ್ದಳು. ಎದ್ದವಳೇ ಬಾಗಿಲ ಕಡೆ ತಿರುಗಿ, "ಏ ಲಕ್ಷ್ಮಣಾ! ಬಾಯಿ ಮುಚ್ಕೊಂಡ ಒಳಗ ಬಾ. ಆ ಮನಶ್ಯಾನ ಕಾಲ ನೋಡು ಹೆಂಗಾಗ್ಯಾವ," ಎಂದು ಗದರಿದಳು.

ಕಾಂತಾ ಸೆರಗನ್ನು ದಂಡಿಯ ಕೆಳಗೆ ಜೋಳಿಗೆಯಂತೆ ಹಿಡಿದಳು. "ಈಗ ಎತ್ತರಿ, ಮಾಸ್ತರ್ರ. ಸಾವಕಾಶ." ಕೈ ಒಮ್ಮೆಲೇ ಏಳಲಿಲ್ಲ. ಅವಳೇ ಮಣಿಕಟ್ಟು ಹಿಡಿದು ಹಿಂದಕ್ಕೆ ಸರಿಸಿದಳು. ಕಲ್ಲು ಬೀಳಲಿಲ್ಲ, ಅಂಗೈಯ ಮಾಂಸದಲ್ಲಿ ತಗ್ಗು ಮಾಡಿಕೊಂಡು ಅಲ್ಲೇ ಅಂಟಿತ್ತು. ಚಿಮಟದಿಂದ ಎತ್ತಿ, ಸೆರಗಿನ ತುದಿಯಲ್ಲಿ ಗಂಟು ಹಾಕಿದಳು. ಲಕ್ಷ್ಮಣ ಕೊರಳೊಡ್ಡಿದ. ವೀಣೆ ಅವನಿಗೆ ಹೋಯಿತು. ಬಾಗಿ ಮಾಸ್ತರರ ಕಾಲು ಮುಟ್ಟಿದವನು ಏಳಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡ. ಇಬ್ಬರು ಹಿಡಿದು ಮಾಸ್ತರರನ್ನು ಕೂರಿಸಿದರು.

ಇನ್ನು ಕಟ್ಟು ಹಾಕಬೇಕು, ವೀಣೆ ಕೆಳಗಿಡದೆ, ತಂತಿ ನಿಲ್ಲಿಸದೆ. ಗುಳಿಯ ಸುತ್ತ ಗೀರು ತೆಗೆಯಲು ಕಾಂತಾ ಉಳಿ ಊರಿದಳು. ಲಕ್ಷ್ಮಣನದು ಭರ್ಜರಿ ದನಿ. ಅವನು ನಾಮ ಹಿಡಿದಾಗೊಮ್ಮೆ ಎದೆ ಉಬ್ಬಿ ದಂಡಿ ಮುಂದೆ ಬರುತ್ತಿತ್ತು, ಬಿಟ್ಟಾಗ ಹಿಂದೆ ಹೋಗುತ್ತಿತ್ತು. ಉಳಿ ಜಾರಿ ಬೆಳ್ಳಿಯ ಎಲೆಯೊಂದರ ಮೇಲೆ ಗೆರೆ ಎಳೆಯಿತು. ಇನ್ನೊಮ್ಮೆ ಊರಿದಳು. ಇನ್ನೊಮ್ಮೆ ಜಾರಿತು.

"ಉಸರ ಹಿಡಿಯಾಕ ಬರತೈತೇನ್ರಿ ಸ್ವಲ್ಪ?" ಎಂದಳು. ಅವನು ನಾಮ ಹೇಳುತ್ತಲೇ ಅವಳನ್ನು ದುರುಗುಟ್ಟಿ ನೋಡಿದ.

"ಅಂವಾ ಉಸರ ಹಿಡದ್ರ ನಾಮ ನಿಂದರತೈತಿ," ಎಂದಳು ಭರಮವ್ವ. "ನಿನ್ನ ಕೊರಳಾಗs ಹಾಕ್ಕೋ. ಆವಾಗ ನಿನ್ನ ಉಸರು, ನಿನ್ನ ಕೈ. ತಂತಿ ನಾ ಮೀಟತೀನಿ."

ಯಾರೋ ಹಿಂದಿನಿಂದ, "ಆಕಿ ಕೊರಳಾಗ ತುಳಸಿ ಮಾಲಿ ಇಲ್ಲಲ್ಲ ಆಯಿ," ಎಂದರು.

ಕಾಂತಾಳ ಕೈ ತಾನಾಗಿ ಎದೆಗೆ ಹೋಯಿತು. "ಲಿಂಗ ಐತ್ರಿ," ಎಂದಳು.

"ಐತಿ ಅಂತಾಳ. ಬರಿ ಕೊರಳೇನಲ್ಲ," ಎಂದು ಭರಮವ್ವ ಲಕ್ಷ್ಮಣನ ಹೆಗಲಿನಿಂದ ವೀಣೆಯ ಪಟ್ಟಿ ಎತ್ತಿದಳು.

ಪಟ್ಟಿ ಶಿವದಾರದ ಮೇಲೆ ಕೂತಿತು. ಭರಮವ್ವನ ಗಂಟುಬಿದ್ದ ಬೆರಳು ತಂತಿಗೆ ಬಂತು. ಕಾಂತಾ ಎರಡು ಕೈಯಲ್ಲಿ ಕೆಲಸ ಹಿಡಿದಳು, ಬಾಯಲ್ಲಿ ವಿಠ್ಠಲ. ಮೊದಮೊದಲು ನಾಮ ಬೇರೆ, ಉಳಿ ಬೇರೆ ಆಗುತ್ತಿತ್ತು. ಆಮೇಲೆ ನಾಮದ ಎರಡನೆಯ ಅಕ್ಷರಕ್ಕೆ ಉಳಿ ಒತ್ತುವುದು ರೂಢಿಯಾಯಿತು. ಹಳೆಯ ಅರಗು ಕೆರೆದು ತೆಗೆದಳು. ಬೆಳ್ಳಿಯ ಹಲ್ಲು ನಾಲ್ಕನ್ನೂ ಹೆಬ್ಬೆರಳಿನಿಂದ ಮರಕ್ಕೆ ಒತ್ತಿ ಕೂರಿಸಿದಳು. ಹೆಬ್ಬೆರಳು ಸೀಳಿ ರಕ್ತ ಬಂತು, ಒರೆಸಿಕೊಂಡಳು. ಸೆರಗಿನ ಗಂಟು ಬಿಚ್ಚುವಾಗ ಮಾತ್ರ ಭರಮವ್ವ ತಂತಿ ಮೀಟುವುದನ್ನು ಬಿಡದೆ ಇನ್ನೊಂದು ಕೈಯನ್ನು ಕೆಳಗೆ ಒಡ್ಡಿ ನಿಂತಳು. ಕಲ್ಲು ಕಟ್ಟಿನೊಳಗೆ ಇಳಿಯಿತು. ಉಕ್ಕಿನ ಕಡ್ಡಿಯಿಂದ ಅಂಚನ್ನು ತಿಕ್ಕಿ ತಿಕ್ಕಿ, ಮಗುವಿನ ಮೇಲೆ ದುಪ್ಪಟಿ ಎಳೆದಂತೆ, ಕಲ್ಲಿನ ಸುತ್ತ ಮಲಗಿಸಿದಳು. ಚೀಲದಲ್ಲಿ ಫೋನು ಎರಡು ಸಲ ಗುಂಯ್‌ಗುಟ್ಟಿತು. ಸಪ್ನಾಳ ಪರೀಕ್ಷೆ ಹೇಗಾಯಿತೋ, ಅಪ್ಪ ಉಪ್ಪಿಟ್ಟು ತಿಂದರೋ ಇಲ್ಲವೋ. ವಿಠ್ಠಲ, ವಿಠ್ಠಲ.

ಮುಗಿಯಿತು ಎಂದುಕೊಂಡು ಲಕ್ಷ್ಮಣ ಕೈ ಚಾಚಿದ.

ಕಾಂತಾ ತಲೆ ಅಲ್ಲಾಡಿಸಿದಳು.

"ಇಲ್ಲೋ ಮಾರಾಯಾ!" ಎಂದ ಅವನು. "ಮಾಸ್ತರ ರೋಗ ಈಕಿಗೂ ಹತ್ತಿತು!"

ಗುಡಿಯೆಲ್ಲ ನಕ್ಕಿತು. ಕಾಂತಾಳಿಗೂ ನಗು ಬಂತು, ಆದರೆ ನಾಮ ಬಿಡುವಂತಿಲ್ಲ. ಎಡಗೈಯನ್ನು ಕಲ್ಲಿನ ಮೇಲಿಟ್ಟು ಬಿಗಿದಳು. ಮೆತ್ತೆಯ ಮೇಲೆ ಮಲಗಿಸಿ ನೋಡಿದ್ದು ಸಾಕಾಗಿತ್ತು. ಈ ಸಲ ನಿಂತೇ ನೋಡಬೇಕು, ಅಂಗೈಯಲ್ಲೇ ನೋಡಬೇಕು. ಬಲಗೈಗೆ ತಂತಿ ತೆಗೆದುಕೊಂಡಳು. ಭರಮವ್ವ ಬಿಡಲೊಲ್ಲದೆ ಬಿಟ್ಟಳು. ಅರ್ಧ ತಾಸಿಗೆ ಸೊಂಟ ಹಿಡಿಯಿತು. ಒಂದು ತಾಸಿಗೆ ಪಾದ ಉರಿಯತೊಡಗಿತು. ಈ ಮನುಷ್ಯ ಏಳು ತಾಸು ಹೇಗೆ ನಿಂತರು ಎಂದು ಕಂಬದ ಕಡೆ ನೋಡಿದಳು. ಅವರು ಕಣ್ಣು ಮುಚ್ಚಿ ಕೂತಿದ್ದರು. ಅಂಗೈ ಬೆವೆತು ಬಿಸಿಯಾಗಿ ಒದ್ದೆಯಾದಾಗ ಕಲ್ಲು ಅಲುಗಿತೆಂದು ಎದೆ ಧಸಕ್ಕೆಂದಿತು. ಅಲುಗಿದ್ದು ಅವಳದೇ ನಾಡಿ. ಒತ್ತಿ ಹಿಡಿದಳು. ಎರಡು ತಾಸು ತುಂಬಿತು.

ಕೈ ತೆಗೆದಳು. ಕಲ್ಲು ಇದ್ದಲ್ಲೇ ಇತ್ತು. ಉಗುರಿನಿಂದ ತಳ್ಳಿದಳು, ಜಗ್ಗಲಿಲ್ಲ. ಭರಮವ್ವ ಸೆರಗಿನಿಂದ ಬೆವರು ಒರೆಸಿ, ಮುಖ ಹತ್ತಿರ ತಂದು ನೋಡಿದಳು. ನತ್ತಿನಲ್ಲಿದ್ದಾಗ ಅದನ್ನು ಅವಳು ಕನ್ನಡಿಯಲ್ಲಿ ಮಾತ್ರ ನೋಡಿದ್ದಿರಬೇಕು.

"ಇಲ್ಲೇ ಇರಲಿ ಬಿಡು," ಎಂದಳು. "ತಲಿಗಿಟ್ಟಿದ್ರ ನನ್ನ ಕಣ್ಣಿಗೆಲ್ಲಿ ಕಾಣತಿತ್ತು."

ವೀಣೆ ಲಕ್ಷ್ಮಣನ ಕೊರಳಿಗೆ ಹೋಯಿತು. ಅವನ ಕಾಲು ಮುಟ್ಟಿ ಎದ್ದ ಕಾಂತಾ ಕಂಬದ ಹತ್ತಿರ ಹೋಗಿ ದೊಪ್ಪನೆ ಕೂತಳು. ಮಾಸ್ತರರ ಪಾದದ ಕಡೆ ನೋಡಿದಳು. ಅವರು ಕಣ್ಣು ತೆರೆದರು. ಬೆಳಗಿನಿಂದ ನಾಮ ಹೇಳಿದ ಗಂಟಲು ಕಟ್ಟಿಹೋಗಿತ್ತು.

"ಕಲ್ಲ ಗಟ್ಟಿ ಆತೇನವಾ?"

"ಆಗೇತ್ರಿ, ಮಾಸ್ತರ್ರ."

"ಖರೇ?"

"ಖರೇನ ಆಗೇತ್ರಿ. ಎರಡ ತಾಸ ಹಿಡದ ನೋಡೀನಿ."

"ಹಂಗಾರ ಇದನ್ನಷ್ಟ ಬಿಡಸಿ ಕೊಡು," ಎಂದು ಅವರು ಎಡಗೈ ಮುಂದೆ ಮಾಡಿದರು. ಇಲ್ಲದ ದಂಡಿಯನ್ನು ಹಿಡಿದುಕೊಂಡೇ ಐದೂ ಬೆರಳು ಮಡಚಿಕೊಂಡಿದ್ದವು. "ಚಾ ಕೊಟ್ಟಾರು ಅಂತ ಆಗಿಂದ ನೋಡಾಕತ್ತೀನಿ. ಕಪ್ ಹಿಡಿಯಾಕ ಕೈನs ತಗಿಯವಲ್ದು."

ಭರಮವ್ವ ದೀಪದ ಬುಡದಲ್ಲಿದ್ದ ಎಣ್ಣೆ ತಂದುಕೊಟ್ಟಳು. ಕಾಂತಾ ಅದನ್ನು ತನ್ನ ಎರಡು ಅಂಗೈಗಳ ನಡುವೆ ತಿಕ್ಕಿ ಬಿಸಿ ಮಾಡಿ, ಅವರ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಕಿರುಬೆರಳಿನಿಂದ ಶುರು ಮಾಡಿದಳು.